ಎಮ್ಮೆಯಂತೆ ಕೂಗುವ ಕೊಳವೆ

ಅಕ್ಕಾ,

ಬಂದು ಸೇರಿದ್ದೇನೆ, ಕೆಮ್ಮೂ ಇಳಿದಿದೆ. ಇಲ್ಲಿನ ಕಾರ್ಖಾನೆಯಲ್ಲಿ ಪಂಪು ಓಡಿದಾಗಲೆಲ್ಲ ನೀರಿನ ಕೊಳವೆಯೊಂದು ಎಮ್ಮೆಯಂತೆ ಕೂಗಿ, ಗೋಡೆಯ ಬೋಲ್ಟುಗಳನ್ನೇ ಸಡಿಲಿಸುತ್ತಿತ್ತು. ಒಳಗಿನ ನೀರಿನ ಕಂಪನವನ್ನು ಲೆಕ್ಕ ಹಾಕಲೆಂದೇ ನನ್ನನ್ನು ಕರೆಸಿದ್ದು. ನಾನಿನ್ನೂ ಲೆಕ್ಕದಲ್ಲಿ ಮುಳುಗಿರುವಾಗಲೇ ಜೊತೆಯ ಇಂಜಿನಿಯರ್ ಹುಡುಗಿ ತನ್ನದನ್ನು ಮುಗಿಸಿ, "ಕೊಳವೆಯಿಂದ ಪಕ್ಕಕ್ಕೆ ಹೋಗಿರೋ ಈ ಬಾಯಿ ಮುಚ್ಚಿದ ಕವಲು ಕೊಳಲಿನ ಹಾಗೆ ನುಡೀತಿದೆ. ಇದನ್ನ ಗಿಡ್ಡ ಮಾಡಿದ್ರೆ ಸಾಕು" ಅಂದಳು. ತಪ್ಪು ಸಿಕ್ಕೀತೆಂಬ ಆಸೆಯಿಂದ ಅವಳ ಲೆಕ್ಕವನ್ನೆಲ್ಲ ಜಾಲಾಡಿದೆ. ಒಂದೂ ಸಿಗಲಿಲ್ಲ. ಕವಲು ಕತ್ತರಿಸಿದರು, ಕೊಳವೆ ಗಪ್‌ಚಿಪ್! ಎಲ್ಲರ ಚಪ್ಪಾಳೆ ಅವಳಿಗೇ. ಅವಳೋ ಓಡಿ ಬಂದು ನನ್ನ ಕೈ ಹಿಡಿದು, "ನೀವು ನೋಡಿದ್ರಿ ಅಂತಾನೇ ಧೈರ್ಯ ಬಂತು, ಅಕ್ಕಾ" ಅಂದಳು. ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡಲೂ ಬಿಡುವುದಿಲ್ಲವಲ್ಲ ಈ ಹುಡುಗಿ!

ಚಳಿ ವಿಪರೀತ. ಉಣ್ಣೆಯ ಕಾಲುಚೀಲ ಎರಡು ಜೊತೆ ಕಳಿಸು. ಅವಳಿಗೂ ಬೇಕಂತೆ.

ನಿನ್ನ ತಂಗಿ