ಗಿರಗಿಟ್ಲೆಗೂ ನನಗೂ ಒಂದೇ ಗಾಳಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಕಾಗದ ಬರೆದಿದ್ದಾಳೆ ಎಂದು ಎದೆ ಹಿಡಿದುಕೊಳ್ಳಬೇಡ. ಎಲ್ಲರೂ ಚೆನ್ನಾಗಿದ್ದೇವೆ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನಗೆ ಎಲ್ಲಿಗೆ ನಿಲ್ಲಿಸಿದ್ದೆ ಎಂಬುದೇ ಮರೆಯುತ್ತದೆ. ಅದಕ್ಕೇ ಈ ಬರವಣಿಗೆ.

"ಮೊಮ್ಮಗಳು ಗಿರಗಿಟ್ಲೆಯನ್ನು ರಜೆಗೆ ನನ್ನ ಹತ್ತಿರ ಬಿಡು, ತಿದ್ದಿ ಕಳಿಸುತ್ತೇನೆ" ಎಂದೆಯಲ್ಲ, ಅದಕ್ಕೆ ಉತ್ತರ ಇದು.

ಅವಳ ಟೀಚರ್ ನಮ್ಮಿಬ್ಬರನ್ನೂ ಕರೆಸಿದ್ದರು. ಪರೀಕ್ಷೆಯ ನಡುವೆ ಎದ್ದು, ಕಿಟಕಿಯಲ್ಲಿ ಸಿಕ್ಕಿಕೊಂಡಿದ್ದ ಜೇನುನೊಣವನ್ನು ಹೊರಗೆ ಬಿಟ್ಟು, ಅದರ ಹಿಂದೆಯೇ ತಾನೂ ಹೋಗಿಬಿಟ್ಟಿದ್ದಳಂತೆ! ಉತ್ತರಪತ್ರಿಕೆ ಅರ್ಧ ಖಾಲಿ. ಬುದ್ಧಿ ಚುರುಕು, ಆದರೆ ಹೀಗೇ ಆದರೆ ಮುಂದಿನ ತರಗತಿಗೆ ಕಳಿಸುವುದು ಕಷ್ಟ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದರು. ಮನೆಗೆ ಬಂದು ಶೂ ಬಿಚ್ಚುತ್ತಾ ಅವಳು, "ಅಮ್ಮಾ, ನಾನು ಕೆಟ್ಟವಳಾ?" ಎಂದು ಕೇಳಿದಳು. ನಾನು ಅಲ್ಲೇ ಕೂತು ಅವಳ ಇನ್ನೊಂದು ಶೂ ಬಿಚ್ಚಿದೆ.

ಮಕ್ಕಳ ಮನೋವೈದ್ಯೆಯ ಹತ್ತಿರ ಹೋದೆವು. ಹೇಳಿದ್ದು ಅರ್ಧಕ್ಕೇ ಬಿಡುತ್ತಾಳಾ, ವಸ್ತು ಕಳೆಯುತ್ತಾಳಾ, ಸರದಿಯಲ್ಲಿ ನಿಲ್ಲಲು ಚಡಪಡಿಸುತ್ತಾಳಾ ಎಂದೆಲ್ಲ ಕೇಳಿದರು. ನಾನು ಹೌದು ಹೌದು ಎನ್ನುತ್ತಿದ್ದೆ. ನಿನ್ನ ಅಳಿಯ ತಡೆಯಲಾರದೆ, "ಡಾಕ್ಟ್ರೇ, ನೀವು ಕೇಳ್ತಿರೋದು ಮಗಳ ಬಗ್ಗೆನೋ, ಇವಳ ಬಗ್ಗೆನೋ?" ಎಂದು ನಕ್ಕರು. ಡಾಕ್ಟರು ನಗಲಿಲ್ಲ. ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ಶಾಲೆಯವರನ್ನೂ ವಿಚಾರಿಸಿ, ನಾಲ್ಕಾರು ಭೇಟಿಯಾದ ಮೇಲೆ ಅವಳಿಗಿರುವುದು ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದೆ ಮೈಮನಸ್ಸು ಚಡಪಡಿಸುವ ತೊಂದರೆ ಎಂದರು. ದೊಡ್ಡವರನ್ನು ನೋಡುವ ಇನ್ನೊಬ್ಬ ಡಾಕ್ಟರು ನನ್ನನ್ನೂ ಪರೀಕ್ಷಿಸಿ ಅದನ್ನೇ ಹೇಳಿದರು. ಹೌದಮ್ಮ, ಈ ವಯಸ್ಸಿನಲ್ಲಿ ನನಗೆ! ಕೆಲಸಕ್ಕೆ ಹೋಗಿ ಆಂಬುಲೆನ್ಸಿನ ಸ್ಟೀರಿಂಗ್ ಹಿಡಿದರೆ ನನ್ನಷ್ಟು ಶಾಂತ ಯಾರೂ ಇಲ್ಲ ಎಂದು ನಮ್ಮ ನರ್ಸ್ ಎಲ್ಲರಿಗೂ ಹೇಳುತ್ತಾಳೆ. ಮನೆಯಲ್ಲಿ ನೋಡಿದರೆ ಒಗೆದ ಬಟ್ಟೆ ಮೆಷಿನ್ನಿನಲ್ಲೇ ಮುಗ್ಗಲು ಹಿಡಿಯುತ್ತದೆ. ಇದು ಹೇಗೆ ಎಂದು ಕೇಳಿದ್ದಕ್ಕೆ ಆ ಡಾಕ್ಟರು, "ನಿಮಗೆ ಗಮನ ಇದೆ. ಆದ್ರೆ ಅದು ಬೆಕ್ಕಿನ ಥರ, ಕರೆದ್ರೆ ಬರಲ್ಲ. ಸೈರನ್ ಕೂಗಿದ್ರೆ ಬೆಕ್ಕೂ ಎದ್ದು ಕೂರುತ್ತೆ" ಎಂದರು. ನನಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ವರ್ಷ ನಾನು ಸೋಮಾರಿ ಎಂದೇ ನಂಬಿಕೊಂಡಿದ್ದೆನಲ್ಲ.

ನಾನು ಮಾತ್ರೆ ಶುರುಮಾಡಿದ್ದೇನೆ. ಅವಳಿಗೆ ಸದ್ಯಕ್ಕೆ ಬೇಡ, ಮೊದಲು ಮನೆ ಮತ್ತು ಶಾಲೆ ಅವಳ ರೀತಿಗೆ ಒಗ್ಗಿಕೊಳ್ಳಲಿ, ಆಮೇಲೂ ಕಷ್ಟವಾದರೆ ನೋಡೋಣ ಎಂದಿದ್ದಾರೆ. ಟೀಚರ್ ಪುಣ್ಯಾತ್ಗಿತ್ತಿ, ಅವಳನ್ನು ಮುಂದಿನ ಬೆಂಚಿಗೆ ತಂದು, ನಡುನಡುವೆ ಪುಸ್ತಕ ಹಂಚುವ ಕೆಲಸ ಕೊಟ್ಟಿದ್ದಾರೆ. ಮನೆಯಲ್ಲಿ ಅವಳು ಅಡುಗೆಕಟ್ಟೆಯ ಹತ್ತಿರ ನಿಂತುಕೊಂಡೇ ಲೆಕ್ಕ ಮಾಡುತ್ತಾಳೆ. ಮೊನ್ನೆ ಮೊದಲ ಸಲ ಇಡೀ ಹಾಳೆ ಮುಗಿಸಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಅರ್ಧ ತಪ್ಪು, ಇರಲಿ ಬಿಡು. ಮುಗಿಸಿದಳಲ್ಲ!

ಅದಕ್ಕೇ ಅವಳನ್ನು ಕಳಿಸುವುದಿಲ್ಲ, ನೀನೇ ಬಾ. ಅವಳಿಗೆ ಅಜ್ಜಿ ಬೇಕು. ಒಂದೇ ಮಾತು: ಏನು ಹೇಳುವುದಿದ್ದರೂ ಒಂದೊಂದಾಗಿ ಹೇಳು, ಸೋಮಾರಿ ಎಂದು ಮಾತ್ರ ಅನ್ನಬೇಡ.

ಕಾಲಿಗೆ ಚಕ್ರ ಕಟ್ಟಿಕೊಂಡ ನಿನ್ನ ಮಗಳು

ತಾ.ಕ.: ಇದು ಮನೆತನದಲ್ಲಿ ಹರಿದುಬರುವುದುಂಟು, ಹಿರಿಯರಲ್ಲಿ ಯಾರಿಗಾದರೂ ಇತ್ತಾ ಎಂದು ಡಾಕ್ಟರು ಕೇಳಿದರು. ನಿನಗೆ ಹೆದರಿ, ತೀರಿಹೋದ ಅಪ್ಪನ ಮೇಲೆ ಹಾಕಿ ಬಂದೆ. ಆದರೆ ಅಪ್ಪ ಗಡಿಯಾರದಂಥ ಮನುಷ್ಯ. ಒಲೆಯ ಮೇಲೆ ಹಾಲಿಟ್ಟು, ಪಕ್ಕದ ಮನೆಗೆ ಸಕ್ಕರೆ ಕೇಳಲು ಹೋಗಿ, ಅಲ್ಲಿಯ ಹುಡುಗಿಗೆ ಫ್ರಾಕು ಹೊಲಿದುಕೊಟ್ಟು, ಸಕ್ಕರೆಯನ್ನೂ ಮರೆತು ಬಂದದ್ದು ಯಾರಮ್ಮ? ಬೈಯಬೇಕೆನಿಸಿದರೆ ಫೋನಿನಲ್ಲಿ ಬೇಡ. ಬಂದು ಬೈ.