ಯಾಕೆ ಕಾಲೇಜು, ಹೆಂಗೆ ಕಾಲೇಜು

ಮಧುಗಿರಿ,
ಹಾಸ್ಟೆಲಿನಿಂದ

ನನ್ನ ಪುಟ್ಟಕ್ಕತ್ತೆಗೆ,

ಫೋನಿನಲ್ಲಿ ನಿನಗೆ ಏನನ್ನೂ ಹೇಳಿ ಮುಗಿಸಲು ಆಗುವುದಿಲ್ಲ. ನಾನು ಒಂದು ಮಾತಾಡುವಷ್ಟರಲ್ಲಿ ನಿನ್ನ ಕಡೆಯಿಂದ ನಾಲ್ಕು ಪ್ರಶ್ನೆ ಬರುತ್ತವೆ, ಹಿಂದೆ ಕುರಿಗಳ ಗಲಾಟೆ ಬೇರೆ. ಅದಕ್ಕೇ ಈ ಕಾಗದ. ಇಲ್ಲಿ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಅಕ್ಷರ ಕೂಡಿಸಿಕೊಂಡು ನಿಧಾನಕ್ಕೆ ಓದು.

ತುಮಕೂರಿನ ಇಂಜಿನಿಯರಿಂಗ್ ಕಾಲೇಜಿಗೆ ಟ್ರಾನ್ಸ್‌ಫರ್ ಆಗುತ್ತಿದ್ದೇನೆ ಎಂದೊಡನೆ ನೀನು, "ಅಯ್ಯೋ, ಏನ್ ತಪ್ಪು ಮಾಡ್ದೆ ಕಣಮ್ಮ? ಯಾರ್ ಮೇಲ್ ಕೈ ಮಾಡ್ದೆ?" ಎಂದುಬಿಟ್ಟೆ. ನನಗೆ ನಗು ತಡೆಯಲಾಗಲಿಲ್ಲ. ನಿನ್ನ ಲೆಕ್ಕದಲ್ಲಿ ಟ್ರಾನ್ಸ್‌ಫರ್ ಎಂದರೆ ಶಿಕ್ಷೆ. ಪಾವಗಡದ ಕಡೆಗೆ ಬರುವ ನೌಕರರೆಲ್ಲ ಎಲ್ಲೋ ಏನೋ ಮಾಡಿಕೊಂಡೇ ಬಂದವರು. ನಮ್ಮೂರು ಬಲಸಮುದ್ರಕ್ಕೆ ಹೊಸದಾಗಿ ಬಂದ ಪಾಪದ ಲೈನ್‌ಮನ್‌ನನ್ನೂ ನಿಲ್ಲಿಸಿ, "ನೀನೇನ್ ಮಾಡಿ ಬಂದ್ಯಪ್ಪಾ?" ಎಂದು ಕೇಳಿದವಳಲ್ಲವೇ ನೀನು!

ನಾನೇನೂ ಮಾಡಿಲ್ಲ. ಮಾಡಿದ್ದೆಲ್ಲ ನೀನೇ.

ಹೋದ ಬೇಸಿಗೆ ರಜೆಯಲ್ಲಿ ಸೋಲಾರ್ ಪಾರ್ಕಿನ ಬೇಲಿ ಪಕ್ಕ ಇಬ್ಬರೂ ಕುರಿ ಹೊಡೆದುಕೊಂಡು ಹೋಗುತ್ತಿದ್ದೆವು. ಅಲ್ಲಿ ಕೆಲಸ ಮಾಡುವ ಅಂಜಿನಮೂರ್ತಿ ಸಿಕ್ಕಿ, ಪ್ಯಾನೆಲ್‌ಗಳು ತುಂಬಾ ಕಾದರೆ ಕರೆಂಟು ಇಳಿಯುತ್ತದೆ ಎಂದ. "ಬಿಸ್ಲಿಂದಾನೇ ಕರೆಂಟು ಅಂತೀರ. ಬಿಸ್ಲು ಹೆಚ್ಚಾದ್ರೆ ಹೆಂಗೆ ಕಮ್ಮಿ ಆಯ್ತದೆ?" ಎಂದು ನೀನು ನನ್ನ ಮುಖ ನೋಡಿದೆ. ಫಿಸಿಕ್ಸ್ ಓದುವ ಹುಡುಗಿಗೆ ಇನ್ನೇನು ಬೇಕು? ಪ್ಯಾನೆಲ್‌ಗೆ ಬೇಕಾದದ್ದು ಬೆಳಕು, ಕಾವಲ್ಲ. ಮೈ ಕಾದಷ್ಟೂ ಅದರ ಕಸುವು ಕುಂದುತ್ತದೆ ಎಂದು ದೊಡ್ಡ ಭಾಷಣ ಬಿಗಿದೆ. ನೀನು ಪೂರ್ತಿ ಕೇಳಿಸಿಕೊಂಡು, "ಯಾಕೆ ಅಂತ ಗೊತ್ತಾಯ್ತು ಬುಡು. ಅದುನ್ನ ತಣ್ಣಗಿಡೋದು ಹೆಂಗೆ?" ಎಂದೆ. ನನಗೆ ಗೊತ್ತಿರಲಿಲ್ಲ.

ಅಂದಿನಿಂದ ತಲೆಯಲ್ಲಿ ಅದೇ. ನೀರು ಹಾಯಿಸೋಣವೆಂದರೆ ನಮ್ಮ ಕಡೆ ನೀರೆಲ್ಲಿದೆ? ಬರೀ ಗಾಳಿಯಿಂದ ತಣಿಸಬಹುದೇ? ಕೆಳಗೆ ಹುಲ್ಲು ಬೆಳೆಸಿದರೆ ಕಾವು ಇಳಿಯುತ್ತದೆಯೇ? ಇಳಿದರೆ, ಮೇಯಲು ನಿನ್ನ ಕುರಿಗಳನ್ನು ಒಳಗೆ ಬಿಡುತ್ತಾರೆಯೇ?

ಮಧುಗಿರಿಯ ಈ ಕಾಲೇಜು 'ಯಾಕೆ' ಎಂಬುದನ್ನು ಚೆನ್ನಾಗಿ ಕಲಿಸಿತು. 'ಹೆಂಗೆ' ಕಲಿಯಲು ತುಮಕೂರಿಗೆ ಹೋಗಬೇಕು. ಎರಡೂ ಕಾಲೇಜುಗಳು ಮಾತಾಡಿಕೊಂಡಿವೆ: ಇಲ್ಲಿ ಮೂರು ವರ್ಷ, ಅಲ್ಲಿ ಎರಡು ವರ್ಷ, ಕೊನೆಗೆ ಒಟ್ಟಿಗೆ ಎರಡು ಡಿಗ್ರಿ. ಕಷ್ಟವಿರುವುದು ಆ 'ಕೊನೆಗೆ' ಎಂಬಲ್ಲಿ. ಜೊತೆಗೆ ಓದಿದ ಗಂಗಾಲಕ್ಷ್ಮಿಗೆ ಈ ವರ್ಷವೇ ಡಿಗ್ರಿ ಸಿಗುತ್ತದೆ. ನನ್ನದು ತುಮಕೂರಿನಲ್ಲಿ ಪಾಸಾಗುವವರೆಗೂ ಬಾಕಿ. ಅಲ್ಲಿ ಸೋತರೆ ಎರಡೂ ಇಲ್ಲ ಎಂದು ನಮ್ಮ ಫಿಸಿಕ್ಸ್ ಮೇಷ್ಟ್ರು ನಂದೀಶ್ವರಯ್ಯನವರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ.

ನಿನ್ನೆ ಫೋನಿನಲ್ಲಿ ಇದೊಂದನ್ನು ಹೇಳಿದಾಗ ನೀನು ಪ್ರಶ್ನೆ ಕೇಳುವುದನ್ನು ಬಿಟ್ಟು ಸಣ್ಣ ದನಿಯಲ್ಲಿ, "ನಾನೂ ಅಂಗೇ ನಡುವ್ಲೇ ನಿಂತ್ಬುಟ್ಟೆ ಕಣಮ್ಮ" ಎಂದೆ. ತಾತ ನಿನ್ನನ್ನು ತಾವರೆಕೆರೆಯ ಶಾಲೆ ಬಿಡಿಸಿ, ಹೋದ ಊರಲ್ಲಿ ಸೇರಿಸುತ್ತೇನೆಂದು ಕುರಿಮಂದೆಯ ಜೊತೆ ಕರೆದುಕೊಂಡು ಹೊರಟರಂತೆ. ಒಂದು ಶಾಲೆಯಲ್ಲಿ ನಿನ್ನ ಹೆಸರು ಹೊಡೆದುಹಾಕಿದರು, ಇನ್ನೊಂದರಲ್ಲಿ ಬರೆಯಲೇ ಇಲ್ಲ. ನಿನ್ನ ಕೈಯಲ್ಲೇ ಬೆಳೆದವಳು ನಾನು, ಇಷ್ಟು ವರ್ಷ ನನಗೇಕೆ ಹೇಳಲಿಲ್ಲ ಅತ್ತೆ? ಫೋನ್ ಇಟ್ಟ ಮೇಲೆ ನಾನು ತುಂಬಾ ಅತ್ತುಬಿಟ್ಟೆ.

ಭಯ ನನಗೂ ಇದೆ. ಅಲ್ಲಿನವರು ಮೊದಲಿಂದ ಒಟ್ಟಿಗೆ ಓದುತ್ತಿರುವವರು, ನಾನು ನಡುವೆ ಹೋಗಿ ಕೂರುವವಳು. ಆದರೂ ಹೋಗುತ್ತೇನೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದುಕೊಂಡೇ ಇರಲು ನನ್ನಿಂದಾಗದು, ಆ ಗುಣ ನಿನ್ನಿಂದಲೇ ಬಂದದ್ದು.

ಬರುವ ತಿಂಗಳ ಮೊದಲ ಸೋಮವಾರ ಕ್ಲಾಸು ಶುರು. ಕುರಿಗಳನ್ನು ದಾಸಣ್ಣಮಾವನಿಗೆ ಒಪ್ಪಿಸಿ ಹಿಂದಿನ ದಿನವೇ ತುಮಕೂರಿನ ಬಸ್ಸು ಹತ್ತು. ಒಳಗೆ ಬಿಡದಿದ್ದರೆ ಕಿಟಕಿಯ ಹೊರಗೆ ನಿಂತುಕೋ. ಹಾಜರಿ ಕೂಗುತ್ತಾರೆ. ನನ್ನ ಹೆಸರು ಬಂದಾಗ ಹೊರಗೆ ಕೇಳಿಸುವಷ್ಟು ಗಟ್ಟಿಯಾಗಿ ಓಗೊಡುತ್ತೇನೆ. ಅದು ಇಬ್ಬರದೂ ಹಾಜರಿ ಅತ್ತೆ.

ನಿನ್ನ ಕಾಲು ಗಟ್ಟಿಯಾಗಿರಲಿ, ನಿನ್ನ ಪ್ರಶ್ನೆಗಳು ಮುಗಿಯದಿರಲಿ.

ನಿನ್ನ ದಾರಿ ನೋಡುವ,
ಶ್ರೀಲತಾ