ಕಡಲದಿನದ ಕುರ್ಚಿ

ಎರಡನೆಯ ಉಬ್ಬರದ ನಂತರದ ತೊಂಬತ್ತೊಂದನೆಯ ವರ್ಷ, ತೆಂಕುಗಾಳಿ ತಿಂಗಳ ನಲವತ್ತನೆಯ ದಿನ. ಕಡಲದಿನ.

ಹಿಂದಿನವರೇ,

ತಿಂಗಳಿಗೆ ನಲವತ್ತು ದಿನ ಎಲ್ಲಿಂದ ಬಂತು ಎಂದು ಮೊದಲ ಸಾಲಿಗೇ ನೀವು ತಡೆದು ನಿಲ್ಲಬಹುದು. ನಮ್ಮಲ್ಲಿ ಗಾಳಿ ದಿಕ್ಕು ಬದಲಿಸುವವರೆಗೆ ತಿಂಗಳು ಮುಗಿಯುವುದಿಲ್ಲ. ಈ ಸಲ ಗಾಳಿ ಹಟ ಹಿಡಿದಿದೆ. ಮುಂದೆಯೂ ನಿಮಗೆ ಒಗ್ಗದ ಮಾತುಗಳು ಬರುತ್ತವೆ. ಅವಕ್ಕೆ ಈಗಲೇ ಕ್ಷಮೆ ಕೇಳುತ್ತೇನೆ. ಶಾಲೆ ಎಂಬುದನ್ನು ನಾನು ನೋಡಿಲ್ಲ. ನಿಮ್ಮ ಕಾಲದಲ್ಲಿ ಪ್ರವಾಸಿಗರನ್ನು ಹೊತ್ತು ತಿರುಗುತ್ತಿದ್ದ ಈ ಹಡಗಿನ ಕಪಾಟುಗಳಲ್ಲಿ ನೀವು ಬಿಟ್ಟುಹೋದ ಕರಪತ್ರಗಳನ್ನು ಓದಿ ಓದಿ ಅಕ್ಷರ ಕಲಿತೆ. ಬೆಂಕಿ ಬಿದ್ದರೆ ಏನು ಮಾಡಬೇಕು, ಬೆನ್ನು ತಿಕ್ಕಿಸಿಕೊಳ್ಳಲು ಯಾರನ್ನು ಕೇಳಬೇಕು, ರಾತ್ರಿಯೂಟಕ್ಕೆ ಯಾವ ಬಟ್ಟೆ ಉಡಬೇಕು ಎಂಬುದೆಲ್ಲ ನನಗೆ ಬಾಯಿಪಾಠ. ದಡದ ಕೆಲಸಗಾರರ ಸಂಘಗಳು ಹಂಚುವ ಕರಪತ್ರಗಳನ್ನೂ ಬಿಡದೆ ಓದಿದ್ದೇನೆ. ನನ್ನ ಮಾತಿನಲ್ಲಿ ಕೂಗು ಹೆಚ್ಚಿದ್ದರೆ ಅದು ಆ ಓದಿನ ಗುಣ.

ನಿಮ್ಮ ಕರಪತ್ರಗಳಲ್ಲಿ ಒಂದರ ಹೆಸರು 'ಸಮುದ್ರದಿನವನ್ನು ಕಳೆಯುವುದು ಹೇಗೆ'. ಪ್ರತಿ ಕೋಣೆಯ ಬಾಗಿಲಡಿ ಅದನ್ನು ತೂರಿಸುತ್ತಿದ್ದರಂತೆ. ಹಡಗು ಚಿಕ್ಕದು, ಅಂಗಡಿ ಆಟದಮನೆಗಳಿಲ್ಲ, ಬಂದರು ಸಿಗದ ದಿನ ಬೇಸರ ಬಂದೀತು ಎಂಬ ಚಿಂತೆಯಿಂದ ಯಾರೋ ಅದನ್ನು ಬರೆದಿದ್ದಾರೆ. ಬೆಳಿಗ್ಗೆ ಮೇಲಟ್ಟದಲ್ಲಿ ಸುತ್ತು ಹಾಕಿ. ಟವೆಲ್ಲನ್ನು ಹಂಸದಂತೆ ಮಡಿಸುವುದನ್ನು ಕಲಿಯಿರಿ. ಕಪ್ತಾನರ ಕೋಣೆಗೆ ಹೋಗಿ ಚುಕ್ಕಾಣಿ ನೋಡಿ. ಊಟವಾದ ಮೇಲೆ ಗಡಿಯಾರ ತೆಗೆದಿಟ್ಟು ಕುರ್ಚಿಯಲ್ಲಿ ಒರಗಿ, ನೀರು ನೋಡುತ್ತಾ ನಿದ್ದೆ ಬಂದರೆ ನಿದ್ದೆ ಮಾಡಿ. ಸಲಹೆಗಳು ಕೆಟ್ಟವಲ್ಲ. ಕರಪತ್ರದ ಕೊನೆಗೆ 'ನಿಮ್ಮ ಅಭಿಪ್ರಾಯ ಬರೆದು ಪೆಟ್ಟಿಗೆಗೆ ಹಾಕಿ' ಎಂದಿದೆ. ಹಿಂಬದಿ ಖಾಲಿ ಇದೆ, ಪೆಟ್ಟಿಗೆ ಈಗಲೂ ಮೆಟ್ಟಿಲ ಬಳಿ ತೂಗುತ್ತಿದೆ. ಇಷ್ಟು ತಲೆಮಾರು ಯಾರೂ ಬರೆಯಲಿಲ್ಲ. ನಾನು ಬರೆಯುತ್ತಿದ್ದೇನೆ. ನನ್ನ ಹೆಸರು ಸುಗಂಧಿ, ಖಾರ್ವಿ ಮನೆತನದವಳು.

ಹಡಗಿನ ಹೆಸರು ತುಕ್ಕಿನಲ್ಲಿ ಉದುರಿಹೋಗಿದೆ. ನಾವು ಇದನ್ನು ಊರು ಎನ್ನುತ್ತೇವೆ. ಎಂಜಿನ್ ಸತ್ತು ಎರಡು ತಲೆಮಾರಾಯಿತು. ಈಗ ಮೂರು ಕಂಬಗಳಿಗೆ ಹಾಯಿ ಕಟ್ಟಿದ್ದೇವೆ. ಹಳೆಯ ಹಾಸಿಗೆಬಟ್ಟೆ, ಡೇರೆಬಟ್ಟೆಗಳನ್ನು ಸೇರಿಸಿ ಹೊಲಿದ ಹಾಯಿಗಳು. ಕಡಲು ಏರಿ ಬಂದು ನಿಂತ ಗಡಿಯನ್ನು ಉಪ್ಪುಗೆರೆ ಎನ್ನುತ್ತೇವೆ. ಅದರ ಮೇಲೆ ಇರುವವು ಗುಡ್ಡದೂರುಗಳು. ನಾವು ಉಪ್ಪು, ಒಣಮೀನು ಕೊಟ್ಟು ಅಕ್ಕಿ, ಬಟ್ಟೆ, ಹಗ್ಗ ತರುತ್ತೇವೆ. ಒಂದು ಗುಡ್ಡದೂರಿನಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಸಿಗುವ, ದಡ ಕಾಣದ ದಿನವೇ ಕಡಲದಿನ. ಆ ದಿನ ನಮ್ಮಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ. ಬೆಳಿಗ್ಗೆ ಎಲ್ಲರೂ ಸೇರಿ ಉಪ್ಪು ತೊಳೆಯುತ್ತೇವೆ. ಕಂಬಿ, ಬಾಗಿಲು, ಬೀಗ, ಮಕ್ಕಳ ಕಿವಿಯ ಹಿಂದೆ, ಎಲ್ಲ ಕಡೆ ಅದು ಕೂತಿರುತ್ತದೆ. ಆಮೇಲೆ ಹಾಯಿಯ ಹರಕು ಹುಡುಕಿ ಹೊಲಿಯುವುದು, ಒಣಹಾಕಿದ ಮೀನು ಮಗುಚುವುದು. ಹೊಲಿಯುವವರಿಗೆ ಒಬ್ಬರು ಏನಾದರೂ ಗಟ್ಟಿಯಾಗಿ ಓದಬೇಕು. ಆ ಕೆಲಸ ಸಾಮಾನ್ಯವಾಗಿ ನನ್ನದು. ಊಟದ ಮೊದಲು ಸ್ವಲ್ಪ ಹೊತ್ತು ಎಲ್ಲರೂ ಬಾಯಿ ಮುಚ್ಚಿ ನೀರಿನ ಬಣ್ಣ ನೋಡುತ್ತೇವೆ. ಮುಂದೆ ಬರುವ ಗಾಳಿ ಅಲ್ಲಿ ಮೊದಲು ಕಾಣುತ್ತದೆ ಎನ್ನುತ್ತಾರೆ. ನನಗೆ ಇದುವರೆಗೆ ಕಂಡಿಲ್ಲ. ಆದರೂ ನೋಡುತ್ತೇನೆ.

ಮತ್ತು ಪ್ರತಿ ಕಡಲದಿನವೂ ಮೇಲಟ್ಟದ ಕುರ್ಚಿಯಲ್ಲಿ ಒಬ್ಬರು ಕೂರುತ್ತಾರೆ. ನಿಮ್ಮ ಕಾಲದ, ಕಾಲು ಚಾಚಿ ಒರಗುವ ಮರದ ಕುರ್ಚಿ ಅದು. ಮಿಕ್ಕವು ಉರುವಲಾದವು, ಇದೊಂದನ್ನು ಉಳಿಸಿದ್ದೇವೆ. ಅಂದು ಕೂರುವ ಸರದಿ ಯಾರದೋ ಅವರು ಬೆಳಗಿನಿಂದ ಸಂಜೆಯವರೆಗೆ ಒಂದು ಕಡ್ಡಿಯನ್ನೂ ಎತ್ತಬಾರದು. ಗಂಜಿ, ನೀರು, ಕರಿದ ಬಂಗುಡೆ ಎಲ್ಲ ಅವರು ಕೂತಲ್ಲಿಗೇ ಬರುತ್ತದೆ. ಇದು ಆಟವಲ್ಲ. ಇದು ನಮ್ಮ ಅತಿ ದೊಡ್ಡ ಕಟ್ಟಳೆ. ಏಕೆ ಎಂಬುದನ್ನು ನೀವು ತಿಳಿಯಬೇಕು, ಏಕೆಂದರೆ ಅದರ ಬೇರು ನಿಮ್ಮ ಕಾಲದಲ್ಲಿದೆ.

ಕಡಲು ನೆಲ ನುಂಗಿದ ಆ ಎರಡನೆಯ ಉಬ್ಬರ ಬಂದಾಗ ಈ ಹಡಗು ಕಡಲದಿನದಲ್ಲಿತ್ತು. ಹೆಲಿಕಾಪ್ಟರುಗಳು ಬಂದು ಪ್ರಯಾಣಿಕರನ್ನೂ ಅಧಿಕಾರಿಗಳನ್ನೂ ಕರೆದೊಯ್ದವು. ಅಡುಗೆಯವರು, ಬಟ್ಟೆ ಒಗೆಯುವವರು, ಕೋಣೆ ಗುಡಿಸುವವರು ಎರಡನೆಯ ಸುತ್ತಿಗೆ ಎಂದರು. ಎರಡನೆಯ ಸುತ್ತು ಬರಲಿಲ್ಲ. ನಾವು ಆ ಉಳಿದವರ ಮಕ್ಕಳ ಮಕ್ಕಳು. ನಮ್ಮ ಮೊದಲಿಗರು ಆಮೇಲೆ ಏನು ಮಾಡಿದರು ಗೊತ್ತೇ? ಕೆಲಸ ಮಾಡಿದರು. ಖಾಲಿ ಮೇಜುಗಳಿಗೆ ದಿನವೂ ತಟ್ಟೆ ಜೋಡಿಸಿದರು. ಯಾರೂ ಮಲಗದ ಹಾಸಿಗೆಗಳನ್ನು ಕೊಡವಿದರು. ಅತಿಥಿಗಳು ಯಾವಾಗ ಬೇಕಾದರೂ ಮರಳಬಹುದು ಎಂದು ಮೇಲಟ್ಟದ ಕುರ್ಚಿಗಳಿಗೆ ಒಣ ಟವೆಲ್ ಹಾಸಿದರು. ಒಬ್ಬರೂ ಕೂರಲಿಲ್ಲ. ಕೂತರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ, ಕೆಲಸ ಕೊಟ್ಟವರೇ ಹೋದ ಮೇಲೂ, ಅವರ ಮೊಣಕಾಲುಗಳಲ್ಲಿ ಉಳಿದಿತ್ತು. ಅವರ ಪಾಲಿನ ಕುಡಿಯುವ ನೀರು ಮುಗಿಯಿತು. ಪ್ರಯಾಣಿಕರ ನೀರಿನ ತೊಟ್ಟಿ ತುಂಬಿಯೇ ಇತ್ತು, ಅದಕ್ಕೆ ಅಧಿಕಾರಿಗಳ ಮುದ್ರೆ ಬಿದ್ದಿತ್ತು. ದೂಮಪ್ಪ ಎಂಬ ಅಗಸರವನು ಆ ತೊಟ್ಟಿಯ ಗೋಡೆಗೆ ಒರಗಿ, ತೊಡೆಯ ಮೇಲೆ ಅರ್ಧ ಮಡಿಸಿದ ಟವೆಲ್ ಇಟ್ಟುಕೊಂಡು, ಬಾಯಾರಿ ಸತ್ತ. ಒಳಗೆ ನೀರು ತುಳುಕುವುದು ಅವನಿಗೆ ಕೇಳಿಸುತ್ತಿದ್ದಿರಬೇಕು. ಅವನ ಜೊತೆ ಇಸ್ತ್ರಿ ಹಾಕುತ್ತಿದ್ದ ಲಿಲ್ಲಿ ಎಂಬಾಕೆ ಎದ್ದು ಮೇಲಟ್ಟಕ್ಕೆ ಹೋಗಿ ಎಲ್ಲರೂ ನೋಡುತ್ತಿದ್ದಂತೆ ಕುರ್ಚಿಯಲ್ಲಿ ಕೂತಳು. 'ಕೂತಿದ್ದೇನೆ. ಯಾರು ಕೇಳುವವರು ಬನ್ನಿ' ಎಂದಳು. ಯಾರೂ ಬರಲಿಲ್ಲ. ಆಗ ಹೋಗಿ ಮುದ್ರೆ ಒಡೆದಳು.

ಅದಕ್ಕಾಗಿ ನಾವು ಕೂರುತ್ತೇವೆ. ನೀರಿನ ತೊಟ್ಟಿ ತೆರೆಯಲು ಕೈ ಬರಬೇಕಾದರೆ ಮೊದಲು ಕೂರಲು ಬರಬೇಕು.

ಈಗ ಆ ಕುರ್ಚಿಗೆ ಕುತ್ತು ಬಂದಿದೆ. ಹಡಗಿನ ತಳದ ಕಬ್ಬಿಣ ಸವೆದು ಕಾಗದದಂತಾಗಿದೆ. ಸಾಗುವಾಗ ಅಲೆಯ ಹೊಡೆತಕ್ಕೆ ಬೆಸುಗೆಗಳು ಬಾಯಿ ಬಿಡುತ್ತವೆ. ಒಳಗೆ ಬರುವ ನೀರನ್ನು ಅಡಿನೀರು ಎನ್ನುತ್ತೇವೆ. ಅದನ್ನು ಕೈಪಂಪಿನಿಂದ ಹೊರಗೆ ಹಾಕುವವರು ಫೆಲ್ಸಿಬಾಯಿ. ಹಗಲು ಅವರದು, ರಾತ್ರಿ ಅವರ ತಮ್ಮನದು. ಒಂದು ದೊಡ್ಡ ಗುಡ್ಡದೂರು ನಮಗೆ ಹೊಸ ಕಬ್ಬಿಣದ ಹಲಗೆ ಕೊಟ್ಟು, ಹಡಗನ್ನು ದಡಕ್ಕೆಳೆದು ತಳ ಕಟ್ಟಿಕೊಡುತ್ತೇವೆ ಎಂದು ಹೇಳಿಕಳಿಸಿತು. ಬದಲಿಗೆ ಅವರಿಗೆ ಬೇಕಾದದ್ದು ನಮ್ಮ ಕಡಲದಿನಗಳು. ಅವರೂ ನಿಮ್ಮ ಹಳೆಯ ಕರಪತ್ರಗಳನ್ನು ಓದಿದ್ದಾರೆ, ನೋಡಿ. ಅವರು ಪ್ರಯಾಣಿಕರಾಗಿ ಬಂದು ಮೇಲಟ್ಟದಲ್ಲಿ ಒರಗುತ್ತಾರಂತೆ. ನಾವು ಬಡಿಸಿ, ಹಾಸಿ, ಕೆಳಗಿಳಿದು ಕಾಣದಂತೆ ಇರಬೇಕಂತೆ. ಹಲಗೆ ಸಿಗದಿದ್ದರೆ ಈ ಊರು ಇನ್ನೆರಡು ಮಳೆಗಾಲ ತೇಲುವುದು ಕಷ್ಟ.

ನಿನ್ನೆ ಊಟದ ಕೋಣೆಯಲ್ಲಿ ಸಭೆ ಸೇರಿತು. ನಾನು ಬೇಡ ಎಂದು ಎದ್ದು ನಿಂತು ಬಹಳ ಹೊತ್ತು ಮಾತಾಡಿದೆ. ಚುಕ್ಕಾಣಿಯ ವಾಮನಣ್ಣ ಕಿವಿಯಲ್ಲಿ ಬೆರಳು ತಿರುವುತ್ತಾ ಕೇಳಿಸಿಕೊಂಡರು.

"ಆಯ್ತಾ ಸುಗಂಧಿ? ಒಂದು ಕೇಳ್ತೇನೆ. ನಿನ್ನ ಕರಪತ್ರ ಎಲ್ಲ ಮುದ್ದೆ ಮಾಡಿ ತೂತಿಗೆ ತುರುಕಿದ್ರೆ ನೀರು ನಿಲ್ತದಾ?"

ಜನ ನಕ್ಕರು. ಆಗ ಬಾಗಿಲ ಬಳಿ ನಿಂತಿದ್ದ ಫೆಲ್ಸಿಬಾಯಿ, ತಮ್ಮನನ್ನು ಪಂಪಿಗೆ ಬಿಟ್ಟು ಮೇಲೆ ಬಂದಿದ್ದವರು, ಸೀರೆ ಸ್ವಲ್ಪ ಎತ್ತಿ ಕಾಲು ತೋರಿಸಿದರು. ಉಪ್ಪುನೀರಿಗೆ ಬಿರಿದು ಬಿಳಿಚಿದ ಕಾಲು.

"ನಗ್ಬೇಡಿ ಮಾರಾಯ್ರೆ, ಅವಳು ಚಿಕ್ಕವಳು. ಆದ್ರೆ ಸುಗಂಧೀ, ಹಲಗೆ ತಗೊಳ್ಳುವ. ಕುರ್ಚಿ ಅವ್ರಿಗೇ ಹೋಗ್ಲಿ. ನಾಳೆ ನನ್ನ ಸರದಿ ಅಂತ ನೀನು ಇಷ್ಟು ಕೂಗೂದಾದ್ರೆ ಬೇಡ. ನಂಗೆ ಕೂತು ಅಭ್ಯಾಸ ಇಲ್ಲ."

ಅದು ನಿಜ. ಸರದಿ ಬಂದಾಗಲೆಲ್ಲ ಫೆಲ್ಸಿಬಾಯಿ ಪಂಪು ಬಿಡಲಾರೆ ಎಂದು ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು. ನಾವೂ ತೆಗೆದುಕೊಂಡಿದ್ದೆವು.

"ಅಭ್ಯಾಸ ಇಲ್ಲ ಅಂತ್ಲೇ ದೂಮಪ್ಪ ಸತ್ತದ್ದು, ಫೆಲ್ಸಿಬಾಯಿ!"

ವಾಮನಣ್ಣನ ಬೆರಳು ಕಿವಿಯಿಂದ ಇಳಿಯಿತು. ನಾನು ಮುಂದುವರಿಸಿದೆ. ಹಲಗೆ ಬೇಡ ಎನ್ನುವ ಹಕ್ಕು ನನಗಿಲ್ಲ, ನೀರು ಇವರ ಕಾಲ ಮೇಲೆ ಬರುತ್ತಿದೆ. ಗುಡ್ಡದವರು ಬರಲಿ. ಆದರೆ ನಮ್ಮ ಹಾಗೆ ಸರದಿಯಲ್ಲಿ ಬರಲಿ. ಒಂದು ಕಡಲದಿನ ಕುರ್ಚಿ, ಇನ್ನೊಂದು ಕಡಲದಿನ ಪಂಪು. ಅವರು ಕೂತಾಗ ನಾವು ಬಡಿಸೋಣ, ನಾವು ಕೂತಾಗ ಅವರು ಬಡಿಸಲಿ. ಹೀಗೆ ಹೇಳಿಕಳಿಸೋಣ ಎಂದೆ.

"ಗುಡ್ಡದ ಸಾಹುಕಾರ್ರು ನನ್ನ ಪಂಪು ಒತ್ತೂದಾ?" ಎಂದು ಫೆಲ್ಸಿಬಾಯಿ ಬಾಯಿಗೆ ಸೆರಗು ಹಿಡಿದರು.

"ಒಪ್ಪೂದಿಲ್ಲ ಅವ್ರು" ಎಂದರು ವಾಮನಣ್ಣ. "ಆಗ ಎಂತ ಮಾಡ್ತಿ?"

"ನಾನು ಒತ್ತುತ್ತೇನೆ. ನಾಳೆಯಿಂದ್ಲೇ. ನೀವೂ ಬನ್ನಿ ವಾಮನಣ್ಣ. ಚುಕ್ಕಾಣಿ ಹಿಡಿದ ಕೈಗೆ ಪಂಪು ಭಾರ ಆಗ್ಲಿಕ್ಕಿಲ್ಲ. ಎಲ್ಲರೂ ಒತ್ತಿದ್ರೆ ಈ ಹಡಗು ಇನ್ನೊಂದು ಮಳೆಗಾಲ ಹೆಚ್ಚು ತಾಳ್ತದೆ. ಅಷ್ಟ್ರಲ್ಲಿ ಬೇರೆ ಊರನ್ನು ಕೇಳುವ."

ನನ್ನ ಸೂಚನೆ ಮತಕ್ಕೆ ಬಂತು. ನಮ್ಮಲ್ಲಿ ಮತ ಹಾಕುವುದು ಬಟ್ಟಲಿನಿಂದ. ಒಪ್ಪಿದವರು ಬಟ್ಟಲನ್ನು ನೆಟ್ಟಗೆ ಇಡುತ್ತಾರೆ, ಒಪ್ಪದವರು ಮಗುಚುತ್ತಾರೆ. ಮೇಜಿನ ಮೇಲೆ ಎರಡೂ ಬಗೆಯವು ಸಾಲುಗಟ್ಟಿದವು, ಯಾವುದು ಹೆಚ್ಚೆಂದು ನೋಟಕ್ಕೆ ತಿಳಿಯದಷ್ಟು ಹತ್ತಿರ. ಫೆಲ್ಸಿಬಾಯಿ ತಮ್ಮ ಬಟ್ಟಲನ್ನು ಎದೆಗೆ ಹಿಡಿದುಕೊಂಡೇ ನಿಂತಿದ್ದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು, ಏಕೆಂದರೆ ಮುಳುಗುವುದಾದರೆ ಮೊದಲು ಅವರು. ಕೊನೆಗೆ ಮೇಜಿನ ಬಳಿ ಬಂದು ಬಟ್ಟಲನ್ನು ನೆಟ್ಟಗೆ ಇಟ್ಟರು. ಅದನ್ನು ಕಂಡು ಮಗುಚಿದ್ದ ನಾಲ್ಕಾರು ಮಂದಿ ಕೈ ನೀಡಿ ತಮ್ಮ ಬಟ್ಟಲುಗಳನ್ನು ತಿರುಗಿಸಿದರು. ವಾಮನಣ್ಣ ತಮ್ಮದನ್ನು ತಿರುಗಿಸಲಿಲ್ಲ. ಆದರೆ ನಮ್ಮ ಉತ್ತರವನ್ನು ಹೊತ್ತ ದೋಣಿಗೆ ಹಾಯಿ ಕಟ್ಟಿಕೊಟ್ಟವರು ಅವರೇ.

ಗುಡ್ಡದೂರಿನಿಂದ ಮರುಮಾತು ಇನ್ನೂ ಬಂದಿಲ್ಲ. ಒಪ್ಪಲಾರರು ಎಂದೇ ಹೆಚ್ಚಿನವರ ಎಣಿಕೆ. ನಾನು ಒಪ್ಪುತ್ತಾರೆ ಎಂದು ನಂಬಿದ್ದೇನೆ, ಮತ್ತು ನಂಬಿಕೆಯಿಂದ ತೂತು ಮುಚ್ಚುವುದಿಲ್ಲ ಎಂಬುದೂ ನನಗೆ ಗೊತ್ತು.

ಇಂದು ಬೆಳಿಗ್ಗೆ ಫೆಲ್ಸಿಬಾಯಿಯನ್ನು ಕುರ್ಚಿಗೆ ಕರೆತಂದೆವು. ತುದಿಯಲ್ಲಿ ಕೂತರು. ಒರಗಿ ಎಂದರೆ ಒರಗಲಿಲ್ಲ. ಪಕ್ಕದಲ್ಲಿ ಒಣಗಿದ್ದ ಬಟ್ಟೆ ತೆಗೆದು ಮಡಿಸತೊಡಗಿದರು. ಅಡುಗೆಯ ಹಬೀಬಾ ಅದನ್ನು ಕೈಯಿಂದ ಕಿತ್ತುಕೊಂಡು 'ಕೂರೂದಂದ್ರೆ ಕೂರೂದು' ಎಂದು ಗದರಿದಳು. ಆಗ ಅವರು ಮಾಡಲು ಬೇರೇನೂ ಇಲ್ಲದೆ ಕಂಬಿಯಾಚೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕೈ ಹಿಡಿದು ಕೇಳಿದರು: "ಸುಗಂಧೀ, ನಾವು ಇಷ್ಟು ಜೋರು ಹೋಗ್ತೇವಾ?" ಎಳವೆಯಿಂದಲೇ ಹಗಲು ಹಡಗು ಸಾಗುವಾಗಲೆಲ್ಲ ಅವರು ತಳದಲ್ಲಿ, ಕತ್ತಲಾದ ಮೇಲೆ ಇಲ್ಲವೇ ಹಡಗು ನಿಂತ ಮೇಲೆಯೇ ಹೊರಗೆ. ಹುಟ್ಟಿದ ಊರು ನೀರು ಸೀಳಿ ಓಡುವುದನ್ನು ಅವರು ಇಂದು ಮೊದಲ ಸಲ ಕಂಡರು. ಅದನ್ನು ಓಡಿಸುತ್ತಿದ್ದುದರಲ್ಲಿ ಅವರ ಕೈಯೂ ಇತ್ತು.

ಹಿಂದಿನವರೇ, ಕಡಲದಿನವನ್ನು ಹೇಗೆ ಕಳೆಯಬೇಕೆಂದು ನಿಮಗೆ ಹೇಳುವಷ್ಟು ನಾನು ದೊಡ್ಡವಳಲ್ಲ. ಆದರೂ ಹೇಳುತ್ತೇನೆ. ಸುತ್ತು ಹಾಕಿ. ನೀರು ನೋಡಿ. ನಿದ್ದೆ ಮಾಡಿ, ಅದರಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಹಿಂದೆ ಒಬ್ಬರು ಟವೆಲ್ ಹಿಡಿದು ನಿಂತಿರುತ್ತಾರೆ. ಅವರ ಹೆಸರು ಕೇಳಿ. ನೀವು ಎದ್ದು ಅವರನ್ನು ಕೂರಿಸಿ. ಅವರು ಹೆದರುತ್ತಾರೆ, ಕೆಲಸ ಹೋಗುತ್ತದೆ ಎನ್ನುತ್ತಾರೆ, ಮತ್ತು ಆ ಹೆದರಿಕೆ ಸುಳ್ಳಲ್ಲ. ಆದ್ದರಿಂದ ಒಬ್ಬರೇ ಹೋಗಬೇಡಿ. ಹಡಗು ಚಿಕ್ಕದು, ಪ್ರಯಾಣಿಕರೆಲ್ಲ ಒಟ್ಟಾಗಿ ಕಪ್ತಾನರ ಕೋಣೆಗೆ ಹೋಗಿ. ಚುಕ್ಕಾಣಿ ನೋಡಲು ಹೇಗೂ ಹೋಗುವವರು ನೀವು, ಕೂತವರ ಕೆಲಸ ಹೋಗಬಾರದು ಎಂಬುದನ್ನೂ ಕೇಳಿ ಬನ್ನಿ. ಮತ್ತೆ ಒಂದು ದಿನ ನೀವು ಇಳಿದುಹೋಗುತ್ತೀರಿ. ನಿಮ್ಮನ್ನು ಕರೆದೊಯ್ಯಲು ಯಾವಾಗಲೂ ಯಾರಾದರೂ ಬರುತ್ತಾರೆ. ಹೋಗುವ ಮುನ್ನ ನೀರಿನ ತೊಟ್ಟಿ ಎಲ್ಲಿದೆ ಎಂದು ಅವರಿಗೆ ತೋರಿಸಿ, ಅದನ್ನು ತೆರೆಯಲು ಯಾರ ಅಪ್ಪಣೆಯೂ ಬೇಡ ಎಂದು ಬಾಯಿಬಿಟ್ಟು ಹೇಳಿ. ನೀವು ಹೇಳದೆ ಹೋದಿರಿ. ದೂಮಪ್ಪನ ಟವೆಲ್ ಅರ್ಧ ಮಡಿಸಿದ ಹಾಗೆಯೇ ನಮ್ಮಲ್ಲಿ ಇದೆ.

ಕೈಯಲ್ಲಿದ್ದ ಕರಪತ್ರಗಳ ಹಿಂಬದಿಯೆಲ್ಲ ಮುಗಿಯಿತು. ನನ್ನ ಕೈ ಒದ್ದೆ, ಅಕ್ಷರ ಕಲಸಿದ್ದರೆ ಕ್ಷಮಿಸಿ. ಇಂದು ಪಂಪು ನನ್ನದು, ಬರೆಯುವಷ್ಟು ಹೊತ್ತು ವಾಮನಣ್ಣ ಒತ್ತುತ್ತಿದ್ದಾರೆ. ಮೇಲಿನಿಂದ ಫೆಲ್ಸಿಬಾಯಿ, ಕೂತಲ್ಲಿಂದಲೇ, ಪಂಪಿನ ತಾಳ ತಪ್ಪಿತು, ಸರಿಯಾಗಿ ಒತ್ತಿ ಎಂದು ಕೂಗುತ್ತಿದ್ದಾರೆ.

ನಾನು ಇಳಿಯಬೇಕು.